ಪ್ರವಾಸದ ಪಟ್ಟಿಯಲ್ಲಿ ಇಲ್ಲದ ಮನೆ

ಮಳೆಗಾಲ ಹಿಂದೆ ಸರಿದು, ಆಕಾಶ ನಿರ್ಮಲವಾಗಿ, ಹೊಳೆಹಳ್ಳಗಳ ಕೆನ್ನೀರು ಮೆಲ್ಲಮೆಲ್ಲನೆ ತಿಳಿಯಾಗುವ ಕಾಲವೇ ಶರದೃತು. ಆಶ್ವಯುಜ, ಕಾರ್ತಿಕಗಳೆಂಬ ಈ ಎರಡು ಮಾಸಗಳು ನಮ್ಮ ನಾಡಿನಲ್ಲಿ ಪ್ರಯಾಣಕ್ಕೆ ಬಹು ಪ್ರಶಸ್ತವಾದವು. ಮಕ್ಕಳಿಗೆ ದಸರೆಯ ಬಿಡುವು. ಹೊಲಗಳಲ್ಲಿ ತೆನೆ ತುಂಬುವ ಹೊತ್ತು. ಈ ಸಲ ನಮ್ಮ ಮನೆಯವರೆಲ್ಲರೂ ಕೂಡಿ ಮೂರು ದಿನಗಳ ಕಾಲ ಶಿವಮೊಗ್ಗ, ಭದ್ರಾವತಿಗಳ ಕಡೆಗೆ ಹೋಗಿಬಂದೆವು. ನೋಡಿದ ಸ್ಥಳಗಳ ವಿವರವನ್ನು ನೀಡುವುದರ ಜೊತೆಗೆ, ಈ ಪ್ರವಾಸ ನನಗೆ ಕಲಿಸಿದ ಒಂದು ಪಾಠವನ್ನೂ ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಹೊರಡುವ ಹಿಂದಿನ ದಿನ ಮಗ ಒಂದು ಪಟ್ಟಿಯನ್ನು ಸಿದ್ಧಪಡಿಸಿ ನನ್ನ ಕೈಗಿತ್ತ. ಯಾವ ಹೊತ್ತಿಗೆ ಎಲ್ಲಿ ಇರಬೇಕು, ಎಲ್ಲಿ ಊಟ, ಎಲ್ಲಿ ವಸತಿ ಎಂಬುದೆಲ್ಲವೂ ಅದರಲ್ಲಿ ಅಚ್ಚುಕಟ್ಟಾಗಿತ್ತು. ಏಳು ಸ್ಥಳಗಳ ಹೆಸರುಗಳಿದ್ದವು. ಆದರೆ ಒಬ್ಬ ಮನುಷ್ಯನ ಹೆಸರೂ ಇರಲಿಲ್ಲ. ನಾನು ಕೆಳಗಡೆ, "ಭದ್ರಾವತಿಯಲ್ಲಿ ನನ್ನ ಗೆಳೆಯನ ಮನೆ" ಎಂದು ಪೆನ್ಸಿಲಿನಿಂದ ಬರೆದು ಹಿಂದಿರುಗಿಸಿದೆ. "ಅಲ್ಲಿ ಏನು ನೋಡೋದಿದೆ ಅಜ್ಜಾ?" ಎಂದು ಮೊಮ್ಮಗ ಕೇಳಿದ. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ.

ಹೊಲದಲ್ಲಿ ಸಿಕ್ಕ ಪ್ರಸಾದ

ದಾವಣಗೆರೆಯಿಂದ ಹೊನ್ನಾಳಿಯ ಮಾರ್ಗವಾಗಿ ನಾವು ಹೊರಟ ದಿನ ಶೀಗಿಹುಣ್ಣಿಮೆ. ಮಲೆನಾಡಿನವರು ಇದನ್ನೇ ಭೂಮಿಹುಣ್ಣಿಮೆ ಎನ್ನುತ್ತಾರೆ. ಪೈರು ತೆನೆಗಟ್ಟುವ ಈ ಕಾಲದಲ್ಲಿ ಭೂಮಿತಾಯಿ ಗರ್ಭಿಣಿ ಎಂದು ಭಾವಿಸಿ, ಬಸುರಿಯ ಬಯಕೆಯನ್ನು ತೀರಿಸುವಂತೆ ಬಗೆಬಗೆಯ ಅಡಿಗೆ ಮಾಡಿ, ಕೆಮ್ಮಣ್ಣು ಬಳಿದು ಚಿತ್ತಾರ ಬರೆದ ಬುಟ್ಟಿಯಲ್ಲಿ ಹೊತ್ತೊಯ್ದು, ಹೊಲದಲ್ಲಿ ಪೂಜಿಸಿ ಚರಗ ಚೆಲ್ಲುವ ಹಬ್ಬವಿದು.

ಹೊನ್ನಾಳಿ ದಾಟಿದ ಮೇಲೆ ರಸ್ತೆಯ ಬದಿಯ ಮರದ ನೆರಳಲ್ಲಿ ಕಾರು ನಿಲ್ಲಿಸಿದ್ದೆವು. ಪಕ್ಕದ ಗದ್ದೆಯಲ್ಲಿ ಒಂದು ಕುಟುಂಬ ಎಡೆ ಮುಗಿಸಿ ಊಟಕ್ಕೆ ಕುಳಿತಿತ್ತು. ನಮ್ಮ ಹಣೆಯ ವಿಭೂತಿಯನ್ನು ಕಂಡೋ, ಮಕ್ಕಳ ಮುಖವನ್ನು ಕಂಡೋ ಆ ಮನೆಯ ಹಿರಿಯ ತಾಯಿ, "ಬರ್ರೀ, ಭೂಮ್ತಾಯಿಗೆ ಎಡೆ ಆಗೇತಿ. ಒಂದು ತುತ್ತು ಉಂಡು ಹೋಗ್ರೀ" ಎಂದು ಕೂಗಿ ಕರೆದರು. ನಮ್ಮ ಹೆಸರನ್ನಾಗಲಿ, ಊರನ್ನಾಗಲಿ ಕೇಳಲಿಲ್ಲ. ಗದ್ದೆಯ ಬದುವಿನ ಮೇಲೆ ಬಾಳೆಲೆ ಹಾಸಿ ಕಡುಬು, ಕುಂಬಳಕಾಯಿ ಪಲ್ಯ, ಬುತ್ತಿ ಬಡಿಸಿದರು. ಕೈ ತೊಳೆದು ಏಳುವಾಗ ನನ್ನ ಮಗ, "ಇವರಿಗೆ ಏನಾದರೂ ಕೊಡಬೇಕಲ್ಲವೇ?" ಎಂದು ಮೆಲ್ಲಗೆ ಕೇಳಿದ. "ಉಂಡದ್ದೇ ಕೊಟ್ಟದ್ದು" ಎಂದೆ. ದಾಸೋಹವೆಂದರೆ ನೀಡುವುದಷ್ಟೇ ಅಲ್ಲ, ಬಿಂಕವಿಲ್ಲದೆ ಸ್ವೀಕರಿಸುವುದೂ ಅದರ ಒಂದು ಅಂಗ. ಇದನ್ನು ನಾನು ಅನೇಕ ವೇದಿಕೆಗಳಲ್ಲಿ ಹೇಳಿದ್ದೇನೆ.

ತುಂಗೆಯ ದಡದಲ್ಲಿ

ಶಿವಮೊಗ್ಗದಲ್ಲಿ ಮೊದಲು ಕಂಡದ್ದು ಶಿವಪ್ಪನಾಯಕನ ಅರಮನೆ. ತುಂಗಾನದಿಗೆ ಸಮೀಪದಲ್ಲಿರುವ, ಮರದ ದೊಡ್ಡ ಕಂಬಗಳ ಈ ಕಟ್ಟಡ ಇಂದು ವಸ್ತುಸಂಗ್ರಹಾಲಯವಾಗಿದೆ. ಸುತ್ತಣ ಊರುಗಳಿಂದ ತಂದ ವೀರಗಲ್ಲು, ಶಿಲ್ಪಗಳನ್ನು ಇಲ್ಲಿ ಜೋಡಿಸಿಟ್ಟಿದ್ದಾರೆ. ಕೆಳದಿಯ ವೀರಶೈವ ಅರಸುಮನೆತನದಲ್ಲಿ 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕ ಯುದ್ಧಗಳಿಗಿಂತ ಹೆಚ್ಚಾಗಿ ತನ್ನ 'ಶಿಸ್ತಿ'ನಿಂದ ಜನಮನದಲ್ಲಿ ಉಳಿದವನು. ಭೂಕಂದಾಯವನ್ನು ನಿಗದಿ ಮಾಡುವ ಮುನ್ನ ಭೂಮಿಯನ್ನು ಗುಣಕ್ಕೆ ತಕ್ಕಂತೆ ಐದು ತರಗತಿಗಳಾಗಿ ವಿಂಗಡಿಸಿ, ಪ್ರತಿ ಬಗೆಯ ನೆಲವನ್ನು ಹನ್ನೆರಡು ವರ್ಷಗಳ ಕಾಲ ಸಾಗುವಳಿ ಮಾಡಿಸಿ, ಬಿತ್ತಿದ ಬೀಜವೆಷ್ಟು, ತಗುಲಿದ ವೆಚ್ಚವೆಷ್ಟು, ಬಂದ ಫಲವೆಷ್ಟು ಎಂದು ಲೆಕ್ಕವಿಟ್ಟು, ಅದರ ಸರಾಸರಿಯ ಮೇಲೆ ತೆರಿಗೆಯನ್ನು ಗೊತ್ತುಪಡಿಸಿದನೆಂದು ಇತಿಹಾಸಕಾರರು ದಾಖಲಿಸಿದ್ದಾರೆ.

ಒಂದು ಗದ್ದೆಯನ್ನು ಅರಿಯಲು ಆ ದೊರೆ ಹನ್ನೆರಡು ವರ್ಷ ಕಾದ. ನಮ್ಮ ಪಟ್ಟಿಯಲ್ಲಿ ಅವನ ಅರಮನೆಗೆ ಇದ್ದದ್ದು ಮುಕ್ಕಾಲು ಗಂಟೆ. ಇದನ್ನು ನಗೆಯಾಡಿಕೊಂಡೇ ಹೊರಬಂದೆವು.

ಮರುದಿನ ಬೆಳಿಗ್ಗೆ ತೀರ್ಥಹಳ್ಳಿಯ ರಸ್ತೆಯಲ್ಲಿ ಸುಮಾರು 14 ಕಿಲೋಮೀಟರು ದೂರದ ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋದೆವು. ಗಾಜನೂರು ಜಲಾಶಯದ ಹಿನ್ನೀರಿನಲ್ಲಿ ಮಾವುತರೂ ಕಾವಾಡಿಗಳೂ ಆನೆಗಳನ್ನು ಮಲಗಿಸಿ ಮೈಯುಜ್ಜಿ ಸ್ನಾನ ಮಾಡಿಸುವ ನೋಟ ಮಕ್ಕಳಿಗಷ್ಟೇ ಅಲ್ಲ, ನಮ್ಮಂಥ ಮುದುಕರಿಗೂ ಹಬ್ಬವೇ. ಶಿವಮೊಗ್ಗದ ದಸರಾ ಮೆರವಣಿಗೆಯಲ್ಲಿ ಅಂಬಾರಿ ಹೊರುವುದು ಈ ಬಿಡಾರದ ಆನೆಗಳೇ. ಒಬ್ಬ ಮಾವುತರು ಮೊಮ್ಮಗಳ ಕೈಯನ್ನು ಮರಿಯಾನೆಯ ಸೊಂಡಿಲ ಮೇಲಿರಿಸಿ, "ಹೆದರಬೇಡಮ್ಮಾ, ಇದಕ್ಕೂ ನಿನ್ನ ಪರಿಚಯ ಆಗಬೇಕಲ್ಲ" ಎಂದರು. ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಮಧ್ಯಾಹ್ನ ಕಳೆದು ಭದ್ರಾವತಿಯ ದಾರಿ ಹಿಡಿದಾಗ ನಾನು ಮಾತಾಡುವುದನ್ನು ನಿಲ್ಲಿಸಿದ್ದೆ. ಅದಕ್ಕೆ ಕಾರಣವಿತ್ತು.

ತಡವಾಗಿ ತಟ್ಟಿದ ಬಾಗಿಲು

ಆ ಗೆಳೆಯರೂ ನಾನೂ ಮಠದ ಉಚಿತ ಪ್ರಸಾದನಿಲಯದಲ್ಲಿ ಆರು ವರ್ಷ ಒಂದೇ ಕೋಣೆಯಲ್ಲಿ ಬೆಳೆದವರು. ಒಂದೇ ಲಾಂದ್ರದ ಬೆಳಕಿನಲ್ಲಿ ಓದಿದವರು. ಅವರು ಓದು ಮುಗಿಸಿ ಭದ್ರಾವತಿಯ ಕಾರ್ಖಾನೆಯೊಂದನ್ನು ಸೇರಿದರು; ನಾನು ಶಾಸ್ತ್ರಾಭ್ಯಾಸ ಮುಂದುವರಿಸಿದೆ. ಅವರ ಸಂಬಳ ಆರಂಭವಾದ ತಿಂಗಳಿನಿಂದ ಎರಡು ವರ್ಷ ಕಾಲ ನನಗೆ ಪ್ರತಿ ತಿಂಗಳೂ ಇಪ್ಪತ್ತು ರೂಪಾಯಿಯ ಮನಿಆರ್ಡರ್ ಬರುತ್ತಿತ್ತು. ಕೂಪನ್ನಿನಲ್ಲಿ "ಪುಸ್ತಕಕ್ಕೆ" ಎಂಬ ಒಂದೇ ಪದ. ನನ್ನ ಕಪಾಟಿನ ಮೊದಲ ಗ್ರಂಥಗಳು ಕೊಂಡದ್ದು ಆ ಹಣದಿಂದ.

ನಾಲ್ಕು ವರ್ಷಗಳ ಹಿಂದೆ ಅವರ ಧರ್ಮಪತ್ನಿ ಲಿಂಗೈಕ್ಯರಾದರು. ಸುದ್ದಿ ಬಂದ ವಾರ ನನಗೆ ಒಂದು ಊರಿನಲ್ಲಿ ಉಪನ್ಯಾಸಮಾಲೆಯಿತ್ತು. ವಿಷಯ ದಾಸೋಹ. ಮುಗಿಸಿಕೊಂಡು ಬರುತ್ತೇನೆಂದು ಫೋನಿನಲ್ಲಿ ಹೇಳಿದೆ. ಉಪನ್ಯಾಸ ಮುಗಿಯಿತು, ಇನ್ನೊಂದು ಕಾರ್ಯ ಬಂತು, ತಿಂಗಳಾಯಿತು. ಆಮೇಲೆ ಹೋಗಲು ಸಂಕೋಚ, ಆಮೇಲೆ ಫೋನು ಮಾಡಲೂ ಸಂಕೋಚ. ದಾವಣಗೆರೆಯಿಂದ ಭದ್ರಾವತಿ ದೂರದ ಊರೇನಲ್ಲ. ಈ ನಾಲ್ಕು ವರ್ಷಗಳಲ್ಲಿ ನಾನು ಕಾಶಿಯವರೆಗೂ ಹೋಗಿಬಂದಿದ್ದೆ.

ಬಾಗಿಲು ತೆರೆದ ಗೆಳೆಯರು ಒಂದು ಕ್ಷಣ ನಿಂತು ನೋಡಿ, "ಶರಣು, ಒಳಗೆ ಬಾ" ಎಂದರು. ನಾನು ಹೊಸ್ತಿಲಲ್ಲೇ ಕ್ಷಮೆಯ ಮಾತನ್ನು ತೆಗೆಯಹೋದೆ. "ಅದೆಲ್ಲ ಆಮೇಲೆ. ಮೊದಲು ಪೂಜೆ ಮುಗಿಸು, ನೀನು ಪೂಜೆಯಾಗದೆ ಉಣ್ಣುವವನಲ್ಲ, ಮಕ್ಕಳಿಗೆ ಹಸಿವಾಗಿದೆ" ಎಂದರು. ದೇವರ ಕೋಣೆಯಲ್ಲಿ ಮಣೆ, ವಿಭೂತಿ, ಪತ್ರೆ, ತಾಮ್ರದ ತಂಬಿಗೆಯಲ್ಲಿ ನೀರು ಅಣಿಯಾಗಿದ್ದವು. ಪತ್ರೆಯನ್ನು ಎಡಗಡೆಗೆ ಇರಿಸಿದ್ದರು, ಪ್ರಸಾದನಿಲಯದಲ್ಲಿ ನಾನು ಇರಿಸಿಕೊಳ್ಳುತ್ತಿದ್ದಂತೆ. ಶಾಲೆಯಲ್ಲಿ ಶಿಕ್ಷಕಿಯಾಗಿರುವ ಅವರ ಮಗಳು ಅಕ್ಕಿರೊಟ್ಟಿ, ಎಣ್ಣೆಗಾಯಿ ಮಾಡಿ ಬಡಿಸಿದಳು.

ಮಕ್ಕಳು ಮಲಗಿದ ಮೇಲೆ ಪಡಸಾಲೆಯಲ್ಲಿ ಕುಳಿತಾಗ ಅವರೇ ಮಾತು ತೆಗೆದರು. "ಸುಳ್ಳೇಕೆ ಹೇಳಲಿ? ಶಿವಗಣಾರಾಧನೆಯ ದಿನದವರೆಗೂ ಬಾಗಿಲ ಕಡೆ ನೋಡುತ್ತಿದ್ದೆ. ನೀನು ಬರಲಿಲ್ಲ. ಬೇಸರವಾಯಿತು. ಇಂದು ಬಂದೆ, ಸಂತೋಷವಾಯಿತು. ಎರಡೂ ನಿಜ." ಅವರು ನನ್ನನ್ನು ಕ್ಷಮಿಸಿದೆನೆಂದು ಹೇಳಲಿಲ್ಲ, ಇಂಥ ಮಾತು ನಮ್ಮಿಬ್ಬರ ನಡುವೆ ಬೇಕಾಗಿಯೂ ಇರಲಿಲ್ಲ. ಆದರೆ ಆ ಎರಡೂ ನಿಜಗಳನ್ನು ನಾನು ಇಂದಿಗೂ ಹೊತ್ತುಕೊಂಡಿದ್ದೇನೆ.

ಬೆಂಕಿಪುರದ ಕಥೆ

ಬೆಳಿಗ್ಗೆ ಅವರೇ ಮೊಮ್ಮಕ್ಕಳಿಗೆ ಊರು ತೋರಿಸಿದರು. ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಕುಲುಮೆಯ ಬೆಂಕಿಯಿಂದ ಆ ಹೆಸರು ಬಂತೇ ಎಂದು ಮೊಮ್ಮಗ ಕೇಳಿದ. "ಇಲ್ಲ ಮಗೂ, ಹೆಸರು ಮೊದಲು ಬಂತು, ಬೆಂಕಿ ಆಮೇಲೆ ಬಂತು" ಎಂದು ಅವರು ನಕ್ಕರು. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯ ಕೆಲಸ 1918ರಲ್ಲಿ ಆರಂಭವಾಗಿ, 1923ರಲ್ಲಿ ಊದುಕುಲುಮೆ ಹೊತ್ತಿಕೊಂಡಿತು. ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ತೂಗುಹಗ್ಗದ ಹಾದಿಯಲ್ಲಿ ಇಳಿದು ಬರುತ್ತಿತ್ತು. ಕಲ್ಲಿದ್ದಲಿನ ಬದಲಿಗೆ ಮಲೆನಾಡಿನ ಕಾಡಿನ ಸೌದೆಯ ಇದ್ದಿಲನ್ನು ಉರಿಸುತ್ತಿದ್ದರು.

ಸರ್ ಎಂ. ವಿಶ್ವೇಶ್ವರಯ್ಯನವರು ನಷ್ಟದಲ್ಲಿದ್ದ ಈ ಕಾರ್ಖಾನೆಯ ಆಡಳಿತವನ್ನು ವಹಿಸಿಕೊಂಡು ನೆಲೆಗೊಳಿಸಿದರು. ತಮಗೆ ಸಲ್ಲಬೇಕಾಗಿದ್ದ ಒಂದು ಲಕ್ಷಕ್ಕೂ ಮೀರಿದ ಸಂಭಾವನೆಯನ್ನು ಸ್ವಂತಕ್ಕೆ ತೆಗೆದುಕೊಳ್ಳದೆ, ಯುವಕರಿಗೆ ವೃತ್ತಿಶಿಕ್ಷಣ ನೀಡುವ ಸಂಸ್ಥೆಗೆಂದು ಬಿಟ್ಟುಕೊಟ್ಟರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಅದರ ಫಲ. ಇದನ್ನು ಕೇಳಿದಾಗ ನನಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಯಿತು. ಪತಿ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದದ್ದನ್ನು ಅಲ್ಲಿಯೇ ಚೆಲ್ಲಿ ಬರುವಂತೆ ಹಿಂದಕ್ಕೆ ಕಳಿಸಿದ ತಾಯಿ ಆಕೆ. ಕಾಯಕತತ್ತ್ವ ಎಲ್ಲೆಲ್ಲಿ ಯಾವ ಯಾವ ವೇಷದಲ್ಲಿ ಕಾಣಿಸಿಕೊಳ್ಳುತ್ತದೆಯೋ!

ಇಂದಿನ ಭದ್ರಾವತಿ ಅಂದಿನಂತಿಲ್ಲ. 1936ರಲ್ಲಿ ಸ್ಥಾಪನೆಯಾಗಿ ಕನ್ನಡ ಪತ್ರಿಕೆಗಳಿಗೆ ಕಾಗದ ಒದಗಿಸಿದ ಮೈಸೂರು ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತುಹೋಯಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಆರಂಭದಲ್ಲಿ ಪ್ರಕಟವಾದಾಗ ಕಾರ್ಮಿಕರು ಬೀದಿಗಿಳಿದು ಪ್ರತಿಭಟಿಸಿದರು. "ನಮ್ಮ ಬೀದಿಯ ಹನ್ನೆರಡು ಮನೆಗಳಲ್ಲಿ ಏಳಕ್ಕೆ ಬೀಗ" ಎಂದರು ಗೆಳೆಯರು. "ಮಗ ಬೆಂಗಳೂರಿಗೆ ಬಾ ಎನ್ನುತ್ತಿದ್ದಾನೆ. ಮಗಳಿಗೂ ವರ್ಗವಾಗಬಹುದು. ಮುಂದಿನ ಹುಣ್ಣಿಮೆಗೆ ನೀನು ಬಂದರೆ ಈ ಬಾಗಿಲು ತೆರೆಯುವವರು ಇರುತ್ತಾರೋ ಇಲ್ಲವೋ." ಪಟ್ಟಿಯಲ್ಲಿದ್ದ ಅರಮನೆ ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ. ಪಟ್ಟಿಯಲ್ಲಿ ಇಲ್ಲದ ಈ ಮನೆ ಹಾಗಲ್ಲ.

ಊರೊಳಗಿನ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವನ್ನು ನೋಡಿದೆವು. ಮೂರು ಗರ್ಭಗುಡಿಗಳ ಈ ತ್ರಿಕೂಟದ ಹೊರಗೋಡೆಯ ಶಿಲ್ಪಗಳನ್ನು ನಿಧಾನವಾಗಿ ನೋಡಬೇಕು. ಬಳಿಕ ಗೆಳೆಯರನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊಳೆಹೊನ್ನೂರಿನ ಮೇಲೆ ಕೂಡಲಿಗೆ ಹೋದೆವು.

ಕೂಡಲಿಯಲ್ಲಿ

ತುಂಗೆ, ಭದ್ರೆಗಳೆರಡೂ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟುತ್ತವೆ. ಒಂದು ಶೃಂಗೇರಿ, ತೀರ್ಥಹಳ್ಳಿಗಳನ್ನು ಹಾದು ಶಿವಮೊಗ್ಗಕ್ಕೆ ಬರುತ್ತದೆ. ಇನ್ನೊಂದು ಕಳಸ, ಬಾಳೆಹೊನ್ನೂರುಗಳನ್ನು ಹಾದು, ಲಕ್ಕವಳ್ಳಿಯ ಅಣೆಕಟ್ಟಿನಲ್ಲಿ ನಿಂತು, ಭದ್ರಾವತಿಗೆ ಬರುತ್ತದೆ. ಒಂದೆಡೆ ಹುಟ್ಟಿ ಬೇರೆಯಾದವು ಇಷ್ಟು ದೂರ ನಡೆದು ಕೂಡಲಿಯಲ್ಲಿ ಮತ್ತೆ ಕೂಡುತ್ತವೆ. ಸಂಗಮದ ಮೆಟ್ಟಿಲ ಮೇಲೆ ನಾವಿಬ್ಬರು ಮುದುಕರು ಕಾಲನ್ನು ನೀರಿಗಿಳಿಸಿ ಬಹಳ ಹೊತ್ತು ಕುಳಿತಿದ್ದೆವು. ಹೆಚ್ಚು ಮಾತಾಡಲಿಲ್ಲ.

ಗೆಳೆಯರನ್ನು ಹೊಳೆಹೊನ್ನೂರಿನಲ್ಲಿ ಬಸ್ಸು ಹತ್ತಿಸಿದೆವು. ಬಸ್ಸು ಕಣ್ಮರೆಯಾದ ಮೇಲೆ ಸೊಸೆ ಹಿಂಜರಿಯುತ್ತ, "ಮಾವಾ, ನನ್ನ ಜೊತೆ ಕಾಲೇಜಿನಲ್ಲಿ ಓದಿದ ಗೆಳತಿಯೊಬ್ಬಳು ಶಿವಮೊಗ್ಗದಲ್ಲೇ ಇದ್ದಾಳೆ. ಅವಳ ಮನೆ ಕಾಣದೆ ಎಂಟು ವರ್ಷವಾಯಿತು. ಮೊನ್ನೆ ಅವಳ ಬೀದಿಯ ಮುಂದೆಯೇ ಹಾದುಹೋದೆವು" ಎಂದಳು. ಪಟ್ಟಿಯ ಪ್ರಕಾರ ನಾವು ಸಂಜೆ ಆರಕ್ಕೆ ಮನೆಯಲ್ಲಿರಬೇಕಿತ್ತು. ಮಗ ಏನೂ ಹೇಳದೆ ಕಾರನ್ನು ಶಿವಮೊಗ್ಗದ ಕಡೆಗೆ ತಿರುಗಿಸಿದ. ನಾವು ಮನೆ ಮುಟ್ಟಿದಾಗ ರಾತ್ರಿ ಹನ್ನೊಂದು ಗಂಟೆ ದಾಟಿತ್ತು.

ಓದುಗ ಬಂಧುಗಳೇ, ಈ ಕಾರ್ತಿಕದಲ್ಲಿ ತಾವೂ ಮಕ್ಕಳೊಡನೆ ಹೊರಡುವಿರಾದರೆ ಅರಮನೆ, ಆನೆಬಿಡಾರ, ದೇವಾಲಯಗಳನ್ನು ಅವಶ್ಯವಾಗಿ ನೋಡಿರಿ. ಜೊತೆಗೆ, ಪಟ್ಟಿಯ ಕೊನೆಯಲ್ಲಿ ಒಂದು ಮನೆಯ ಹೆಸರನ್ನೂ ಬರೆದುಕೊಳ್ಳಿರಿ. ಹೋಗಲು ಸಂಕೋಚವಾಗುವ ಮನೆಯಾದರೆ ಅದನ್ನೇ ಮೊದಲು ಬರೆಯಿರಿ. ಅಲ್ಲಿ ನೋಡಲು ಏನಿದೆ ಎಂದು ಮಕ್ಕಳು ಕೇಳಿದರೆ, ನಮ್ಮನ್ನು ನೋಡಲು ಕಾದಿರುವವರು ಇದ್ದಾರೆಂದು ಹೇಳಿರಿ. ನನಗೆ ಅಂದು ಹೊಳೆಯದಿದ್ದ ಉತ್ತರ ಅದು.