ಜೀವಕೋಶದ ಆಯುಷ್ಯ ಮತ್ತು ಕ್ರೋಮೋಸೋಮಿನ ತುದಿ

ಕೋಡ್ಲಾ, ಸೇಡಂ ಕಡೆಯ ಕಟ್ಟೆಗಳ ಮೇಲೆ ಅಂಗೈಯಲ್ಲಿ ತಂಬಾಕು, ಸುಣ್ಣ ತಿಕ್ಕಿ ಬಾಯಿಗಿಟ್ಟುಕೊಳ್ಳುವವರನ್ನು ನೀವು ನೋಡಿರುತ್ತೀರಿ. ಬಾಯಿಯ ಒಳಪದರದ ಜೀವಕೋಶಗಳು ಸವೆದಂತೆಲ್ಲ ವಿಭಜನೆಯಿಂದ ಹೊಸವು ಹುಟ್ಟುತ್ತವೆ. ಇದಕ್ಕೆ ಮಿತಿಯಿಲ್ಲವೇ?

ವಿಭಜನೆಗೆ ಮುನ್ನ ಡಿಎನ್‌ಎ ನಕಲಾಗಬೇಕು. ನಕಲು ಮಾಡುವ ಕಿಣ್ವ ಎಳೆಯ ಕಟ್ಟಕಡೆಯನ್ನು ಪೂರ್ಣವಾಗಿ ನಕಲಿಸಲಾರದು. ಹೀಗಾಗಿ ಸಾಮಾನ್ಯ ದೇಹಕೋಶದಲ್ಲಿ ಪ್ರತಿ ಸಲ ಕ್ರೋಮೋಸೋಮಿನ ತುದಿ 50ರಿಂದ 200 ಪ್ರತ್ಯಾಮ್ಲ ಜೋಡಿಗಳಷ್ಟು ಸವೆಯುತ್ತದೆ. ಈ ತುದಿಯೇ ಟೀಲೋಮಿಯರ್; ಅದು ಸವೆದು ಒಳಗಿನ ಜೀನ್‌ಗಳನ್ನು ಕಾಯುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಜೀವಕೋಶಗಳು ಸುಮಾರು 50 ಬಾರಿ ವಿಭಜಿಸಿ ನಿಲ್ಲುತ್ತವೆಂದು ಹೇಫ್ಲಿಕ್ ಮತ್ತು ಮೂರ್‌ಹೆಡ್ 1961ರಲ್ಲಿ ತೋರಿಸಿದರು. ಹೀಗೆ ನಿಂತ ಕೋಶಗಳು ದೇಹದಲ್ಲಿ ಹೆಚ್ಚುವುದು ಮುಪ್ಪಿನ ಕಾರಣಗಳಲ್ಲೊಂದು.

ಆದರೆ ಈ ನಿಲುಗಡೆಯೇ ಕ್ಯಾನ್ಸರಿಗೆ ತಡೆ. ತಂಬಾಕಿನ ನೈಟ್ರೊಸಮೀನ್‌ಗಳಿಂದ ಡಿಎನ್‌ಎ ಹಾನಿಗೊಂಡು ನಕಲಿನಲ್ಲಿ ತಪ್ಪುಗಳು ಉಳಿಯುತ್ತವೆ, ಇವೇ ಉತ್ಪರಿವರ್ತನೆಗಳು. ಪಿ53ರಂತಹ ಕಾವಲು ಜೀನ್ ಕೆಟ್ಟರೆ ಕೋಶ ನಿಲ್ಲಬೇಕಾದಲ್ಲಿ ನಿಲ್ಲದು. ಜೊತೆಗೆ ಟೀಲೋಮರೇಸ್ ಕಿಣ್ವ ಚುರುಕಾದರೆ ಸವೆದ ತುದಿ ಮತ್ತೆ ಬೆಳೆದು ವಿಭಜನೆಗೆ ಕೊನೆಯೇ ಇರದು. ಶೇಕಡ 85ರಿಂದ 90ರಷ್ಟು ಕ್ಯಾನ್ಸರ್‌ಗಳಲ್ಲಿ ಈ ಕಿಣ್ವ ಸಕ್ರಿಯವಾಗಿರುತ್ತದೆ. ಇದನ್ನು ಪತ್ತೆಹಚ್ಚಿದ ಬ್ಲ್ಯಾಕ್‌ಬರ್ನ್ ಮತ್ತು ಗ್ರೈಡರ್, ಶೋಸ್ತಾಕ್ ಅವರೊಡನೆ 2009ರ ನೊಬೆಲ್ ಪಡೆದರು.

ಟೀಲೋಮಿಯರ್ ಸವೆತವನ್ನು ನಾವು ನಿಲ್ಲಿಸಲಾರೆವು, ತಂಬಾಕನ್ನು ಬಿಡಬಲ್ಲೆವು. ಬಾಯಿಯ ಹುಣ್ಣು ಮೂರು ವಾರವಾದರೂ ಮಾಯದಿದ್ದರೆ ವೈದ್ಯರಿಗೆ ತೋರಿಸಬೇಕೆಂದು ತರಗತಿಯಲ್ಲಿ ಹೇಳಿರಿ. ಮಕ್ಕಳು ಅದನ್ನು ಮನೆಗೆ ಮುಟ್ಟಿಸುತ್ತಾರೆ.