ಸ್ಪ್ಯಾನರ್ ಹಿಡಿಯುವ ಮೊದಲು

ಶ್ರೀನಿವಾಸಪುರದ ಮಾವಿನ ತೋಟಗಳಲ್ಲಿ ಹೂವು ಕಾಣಿಸುವ ಹೊತ್ತಿಗೆ ಸಣ್ಣ ಎಂಜಿನ್ ರಿಪೇರಿ ಮಾಡುವವರಿಗೂ ಸುಗ್ಗಿ ಶುರುವಾಗುತ್ತದೆ. ಜಿಗಿಹುಳುವಿಗೆ, ಬೂದಿರೋಗಕ್ಕೆ ತಡಮಾಡದೆ ಔಷಧಿ ಹೊಡೆಯಬೇಕು. ಆದರೆ ಹೋದ ವರ್ಷ ಮೂಲೆಗಿಟ್ಟ ಪವರ್ ಸ್ಪ್ರೇಯರ್ ಹಗ್ಗ ಎಳೆದೆಳೆದು ರಟ್ಟೆ ಸೋತರೂ ಏಳುವುದಿಲ್ಲ. ಎತ್ತರದ ಮರಗಳಿಗೆ ಟ್ರ್ಯಾಕ್ಟರ್ ಮೇಲಿನ ದೊಡ್ಡ ಪಂಪು, ಗನ್ನು ಬಂದಿವೆ, ನಿಜ. ಎಳೆಯ ಗಿಡಗಳಿಗೆ, ಕೋಲಾರ ಮುಳಬಾಗಿಲು ಕಡೆಯ ಟೊಮೆಟೊ ಸಾಲುಗಳಿಗೆ ಬೆನ್ನಿಗೆ ಹೊರುವ ಟೂ ಸ್ಟ್ರೋಕ್ ಮಷೀನೇ ಇಂದಿಗೂ ಗತಿ. ಮಳೆ ಬಿದ್ದ ಮೇಲೆ ಸರದಿ ಬ್ರಷ್ ಕಟರ್‌ಗಳದು. ತೋಟದ ಕಳೆ, ಬದುವಿನ ಪಾರ್ಥೇನಿಯಂ, ಹಸುವಿಗೆ ಬೇಕಾದ ನೇಪಿಯರ್ ಹುಲ್ಲು, ಎಲ್ಲಕ್ಕೂ ಅದೇ. ಮಾಲೂರು, ನರಸಾಪುರ, ವೇಮಗಲ್‌ಗಳ ಕಾರ್ಖಾನೆಗಳ ಮುಂದೆ ಹುಲ್ಲುಹಾಸು ಹರಡಿದ ಮೇಲೆ ಲಾನ್ ಮೂವರ್ ಕೂಡ ಈ ಸೀಮೆಗೆ ಅಪರೂಪದ ವಸ್ತುವಾಗಿ ಉಳಿದಿಲ್ಲ.

ಈ ರಿಪೇರಿ ವಿದ್ಯೆ ಇಲ್ಲಿಗೆ ಬಂದದ್ದು ಕೃಷಿ ಯಂತ್ರಗಳ ಜೊತೆಗಲ್ಲ, ರಸ್ತೆಯ ಮೇಲಿನಿಂದ. ಮಾಲೂರಿಗೆ ಹತ್ತಿರದ ಹೊಸೂರಿನಿಂದ 1980ರಲ್ಲಿ ಟಿವಿಎಸ್ 50 ಹೊರಬಂತು. ಹಾಲಿನ ಕ್ಯಾನು, ತರಕಾರಿ ಮೂಟೆ, ರೇಷ್ಮೆಗೂಡಿನ ಚೀಲ ಹೊತ್ತು ಅದು ಕೋಲಾರ ಜಿಲ್ಲೆಯ ಹಳ್ಳಿಹಳ್ಳಿ ಸುತ್ತಿತು. ಮೈಸೂರಿನ ಯೆಜ್ಡಿ, ಆಮೇಲೆ ಯಮಹಾ ಆರ್‌ಎಕ್ಸ್ 100, ಎಲ್ಲವೂ ಟೂ ಸ್ಟ್ರೋಕ್. ಅವನ್ನು ಬಿಚ್ಚಿ ಕಟ್ಟಿ ಕಲಿತ ಕೈಗಳು ಒಂದು ಪೀಳಿಗೆಯನ್ನೇ ತರಬೇತು ಮಾಡಿದವು. 2015ರಲ್ಲಿ ಎಕ್ಸ್‌ಎಲ್ 100 ಬಂದು ಮೊಪೆಡ್ ಕೂಡ ಫೋರ್ ಸ್ಟ್ರೋಕ್ ಆದಾಗ ಹಳೆಯ ವಿದ್ಯೆಗೆ ರಸ್ತೆಯಲ್ಲಿ ಕೆಲಸ ಕಡಿಮೆಯಾಯಿತು. ಉಳಿದದ್ದು ಹೊಲ, ತೋಟ.

ಎಂಜಿನ್ನಿನ ಲೆಕ್ಕ ಸರಳ. ಇಂಗ್ಲೆಂಡಿನ ಜೋಸೆಫ್ ಡೇ 19ನೇ ಶತಮಾನದ ಕೊನೆಯಲ್ಲಿ ರೂಪಿಸಿದ ಮಾದರಿಯೇ ಇಂದಿನ ಸ್ಪ್ರೇಯರ್ ಒಳಗೂ ಇರುವುದು. ವಾಲ್ವ್‌ಗಳಿಲ್ಲ. ಪಿಸ್ಟನ್ ಮೇಲೆ ಕೆಳಗೆ ಆಡುವಾಗ ತಾನೇ ಪೋರ್ಟುಗಳನ್ನು ತೆರೆದು ಮುಚ್ಚುತ್ತದೆ. ಕೆಳಗಿನ ಕ್ರ್ಯಾಂಕ್ ಕೇಸೇ ಪೆಟ್ರೋಲು ಗಾಳಿಯ ಮಿಶ್ರಣವನ್ನು ಒತ್ತಿ ಮೇಲಕ್ಕೆ ಕಳಿಸುವ ಪಂಪು. ಆಯಿಲ್‌ಗೆ ಬೇರೆ ತೊಟ್ಟಿ ಇಲ್ಲ, ಪೆಟ್ರೋಲಿನಲ್ಲೇ ಬೆರೆತು ಬೇರಿಂಗ್‌ಗೂ ಪಿಸ್ಟನ್‌ಗೂ ಅದೇ ಜಿಡ್ಡು. ಭಾಗಗಳು ಕಡಿಮೆ, ಯಾವ ಕೋನಕ್ಕೆ ಬಗ್ಗಿಸಿದರೂ ಜಿಡ್ಡು ತಪ್ಪುವುದಿಲ್ಲ. ಹೆಚ್ಚುವರಿ ಎನ್ನಬಹುದಾದದ್ದೇನೂ ಇಲ್ಲದ ಕಾರಣ ಒಂದು ಕಡೆ ಕೆಟ್ಟರೆ ಇನ್ನೊಂದು ಸಾವರಿಸುವುದೂ ಇಲ್ಲ.

ಒಳ್ಳೆಯ ಮೆಕ್ಯಾನಿಕ್ ಮೊದಲು ಸ್ಪ್ಯಾನರ್ ಎತ್ತುವುದಿಲ್ಲ, ಕೇಳುತ್ತಾನೆ. ಕನ್ನಡ, ತೆಲುಗು, ಉರ್ದು ಮೂರೂ ಬೆರೆತ ಮಾತು. ‘ಸ್ಟಾರ್ಟೇ ಆಗಲ್ವಾ, ಆಗಿ ನಿಲ್ಲುತ್ತಾ?’ ‘ರೇಸ್ ಕೊಟ್ಟರೆ ಆಫ್ ಆಗುತ್ತಾ?’ ‘ಬಿಸಿಯಾದ ಮೇಲಾ, ಮೊದಲಿಂದಾನಾ?’ ‘ಪೆಟ್ರೋಲ್ ಯಾವಾಗಿನದಣ್ಣ?’ ರೈತ ಕೊಡುವ ಉತ್ತರದಲ್ಲೇ ಅರ್ಧ ರಿಪೇರಿ ಮುಗಿದಿರುತ್ತದೆ. ಈ ಕಸುಬಿನ ನಿಜವಾದ ಬಂಡವಾಳ ಅನುಕ್ರಮ: ಇಂಧನ, ಕಿಡಿ, ಗಾಳಿ, ಹೊಗೆ ಹೋಗುವ ದಾರಿ. ಇವಿಷ್ಟೂ ಮುಗಿದ ಮೇಲೆ ಮಾತ್ರ ಎಂಜಿನ್ ಬಿಚ್ಚುವ ಮಾತು.

ಇಂಧನವೇ ಮೊದಲ ಆರೋಪಿ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ನಿಂತ ಪೆಟ್ರೋಲು ಅಂಟಾಗಿ ಕಾರ್ಬೊರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಹೆಚ್ಚಾದರೆ ಎಥನಾಲ್ ಜೊತೆಗೂಡಿ ಪೆಟ್ರೋಲಿನಿಂದ ಬೇರೆಯಾಗಿ ತಳ ಸೇರುತ್ತದೆ. ಹಳೆಯ ರಬ್ಬರ್ ಪೈಪು, ಡಯಾಫ್ರಮ್ ಗಟ್ಟಿಯಾಗುವುದೋ ಉಬ್ಬುವುದೋ ಆಗುತ್ತದೆ. ಹಲವು ಕಂಪನಿಗಳ ಕೈಪಿಡಿಗಳು ಈ ಮಷೀನ್‌ಗಳಿಗೆ ಶೇ 10ಕ್ಕಿಂತ ಹೆಚ್ಚು ಎಥನಾಲ್ ಬೇಡ ಎನ್ನುತ್ತವೆ. ಬೇರೆ ಪೆಟ್ರೋಲು ರೈತ ಎಲ್ಲಿಂದ ತರಬೇಕು ಎಂಬುದನ್ನು ಮಾತ್ರ ಯಾರೂ ಬರೆದಿಲ್ಲ.

ಐದು ನಿಮಿಷ ಚೆನ್ನಾಗಿ ಓಡಿ ನಿಂತುಬಿಡುವ ಮಷೀನಿಗೆ ಒಂದು ಪುಕ್ಕಟೆ ಪರೀಕ್ಷೆ ಇದೆ. ಟ್ಯಾಂಕಿನ ಮುಚ್ಚಳ ಸಡಿಲಿಸಿ ಓಡಿಸಿ ನೋಡುವುದು. ಆಗ ನಿಲ್ಲದಿದ್ದರೆ ಮುಚ್ಚಳದ ಗಾಳಿಯ ಕಂಡಿ ಕಟ್ಟಿದೆ ಎಂದರ್ಥ, ಒಳಗೆ ಗಾಳಿ ಹೋಗದೆ ಪೆಟ್ರೋಲು ಇಳಿಯುತ್ತಿಲ್ಲ. ಟ್ಯಾಂಕಿನೊಳಗೆ ಪೈಪಿನ ತುದಿಗಿರುವ ಫಿಲ್ಟರ್ ಕಟ್ಟಿದ್ದರೂ ಹೆಚ್ಚುಕಡಿಮೆ ಇದೇ ಲಕ್ಷಣ: ಐಡ್ಲಿಂಗ್ ಸರಿ, ರೇಸ್ ಕೊಟ್ಟೊಡನೆ ಉಸಿರುಗಟ್ಟಿ ಆಫ್.

ಎರಡನೆಯ ಸಾಕ್ಷಿ ಪ್ಲಗ್. ಬಿಚ್ಚಿದ ಪ್ಲಗ್ಗಿನ ತುದಿ ಇಟ್ಟಿಗೆಯ ಕಂದು ಬಣ್ಣದ್ದಾದರೆ ಉರಿ ಸರಿ. ಕಪ್ಪಾಗಿ ಒದ್ದೆಯಾಗಿದ್ದರೆ ಪೆಟ್ರೋಲೋ ಆಯಿಲೋ ಜಾಸ್ತಿ, ಇಲ್ಲವೇ ಚೋಕ್ ತೆಗೆಯದೆ ಹಗ್ಗ ಎಳೆದಿದ್ದಾರೆ. ಬೆಳ್ಳಗಾಗಿದ್ದರೆ ಹುಷಾರು. ಗಾಳಿ ಹೆಚ್ಚಿ ಎಂಜಿನ್ ಕಾಯುತ್ತಿದೆ, ಹೀಗೇ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಪ್ಲಗ್ಗಿನ ಅಂತರ ಸಾಮಾನ್ಯವಾಗಿ 0.6ರಿಂದ 0.7 ಮಿ.ಮೀ. ತಣ್ಣಗಿದ್ದಾಗ ಓಡಿ, ಕಾದ ಮೇಲೆ ನಿಂತು, ಆರಿದ ಮೇಲೆ ಮತ್ತೆ ಏಳುವ ಮಷೀನಿನಲ್ಲಿ ಮೆಕ್ಯಾನಿಕ್ ಬೆರಳು ಸೀದಾ ಕಾಯಿಲ್ ಕಡೆಗೆ ಹೋಗುತ್ತದೆ. ಕಾಯಿಲ್‌ಗೂ ಫ್ಲೈವೀಲಿಗೂ ನಡುವಿನ ಸಂದಿಯನ್ನು ಹಲವರು ಅಳೆಯುವುದು ವಿಸಿಟಿಂಗ್ ಕಾರ್ಡಿನಿಂದ. ನಗಬೇಡಿ, ಲೆಕ್ಕ ತಪ್ಪುವುದಿಲ್ಲ.

ಗಾಳಿಯ ವಿಷಯದಲ್ಲಿ ಕೋಲಾರದ ಕೆಮ್ಮಣ್ಣಿನ ದೂಳು ಯಾರನ್ನೂ ಬಿಡುವುದಿಲ್ಲ. ಫಿಲ್ಟರ್ ಕಟ್ಟಿದರೆ ಹೊಗೆ ಹೆಚ್ಚುತ್ತದೆ, ದಮ್ಮು ಕಡಿಮೆಯಾಗುತ್ತದೆ. ಫಿಲ್ಟರ್ ತೆಗೆದೆಸೆದು ಓಡಿಸುವವರೂ ಇದ್ದಾರೆ. ಅವರ ಪಿಸ್ಟನ್ ರಿಂಗುಗಳು ಒಂದು ಹಂಗಾಮಿನಲ್ಲೇ ಸವೆಯುತ್ತವೆ.

ಜನ ತೀರಾ ಮರೆಯುವುದು ಸೈಲೆನ್ಸರ್. ಟೂ ಸ್ಟ್ರೋಕ್ ಆಯಿಲ್ ಉರಿದು ಎಕ್ಸಾಸ್ಟ್ ಪೋರ್ಟಿನಲ್ಲಿ, ಸೈಲೆನ್ಸರಿನ ಜಾಲರಿಯಲ್ಲಿ ಕರಿ ಕಟ್ಟುತ್ತದೆ. ಸ್ಟಾರ್ಟ್ ಸಲೀಸು, ಶಬ್ದವೂ ಸರಿ, ಹುಲ್ಲಿಗೆ ಹಿಡಿದರೆ ಮಾತ್ರ ಶಕ್ತಿ ಇಲ್ಲ ಎಂಬ ದೂರಿಗೆ ಎಷ್ಟೋ ಸಲ ಕಾರಣ ಇದೇ. ಕಾರ್ಬೊರೇಟರ್ ಸ್ಕ್ರೂಗಳನ್ನು ತಿರುಗಿಸಿ ತಿರುಗಿಸಿ ಸುಸ್ತಾದವರು ಇಲ್ಲಿ ಇಣುಕಿರುವುದೇ ಇಲ್ಲ. ಸೈಲೆನ್ಸರ್ ಬಿಚ್ಚಿದರೆ ಇನ್ನೊಂದು ಲಾಭವಿದೆ: ಪೋರ್ಟಿನ ಮೂಲಕ ಪಿಸ್ಟನ್ ಕಾಣುತ್ತದೆ. ಉದ್ದುದ್ದ ಗೀರು ಕಂಡರೆ ಯಾರೋ ಆಯಿಲ್ ಬೆರೆಸದೆ ಓಡಿಸಿದ್ದಾರೆ. ಅಂಥ ಮಷೀನನ್ನು ಹಗ್ಗದಲ್ಲಿ ತೂಗಿ ಹಿಡಿದರೆ ಕಂಪ್ರೆಷನ್ ಇಲ್ಲದೆ ಸರ್ರನೆ ಇಳಿಯುತ್ತದೆ. ಒಳ್ಳೆಯ ಎಂಜಿನ್ ತಡೆತಡೆದು ಇಳಿಯುತ್ತದೆ.

ಲಾನ್ ಮೂವರಿಗೆ ಒಂದು ವಿಶೇಷ ಕಾಯಿಲೆ ಉಂಟು. ಬ್ರಷ್ ಕಟರಿನಲ್ಲಿ ನಡುವೆ ಕ್ಲಚ್ ಇರುತ್ತದೆ, ಕೆಲವು ಮೂವರ್‌ಗಳಲ್ಲಿ ಬ್ಲೇಡು ನೇರ ಕ್ರ್ಯಾಂಕಿಗೇ ಕೂತಿರುತ್ತದೆ. ಬಂಡೆ, ಬೋಡುಗಲ್ಲುಗಳ ಈ ಸೀಮೆಯಲ್ಲಿ ಹುಲ್ಲಿನಡಿಯ ಕಲ್ಲಿಗೆ ಬ್ಲೇಡು ಬಡಿದರೆ ಫ್ಲೈವೀಲಿನ ಪುಟ್ಟ ಕೀಲಿ ಕತ್ತರಿಸಿ ಟೈಮಿಂಗ್ ಜಾರುತ್ತದೆ. ಪೆಟ್ರೋಲು ಇದೆ, ಕಿಡಿ ಇದೆ, ಆದರೂ ಹಗ್ಗ ಕೈಯನ್ನೇ ಹಿಂದಕ್ಕೆ ಜಗ್ಗುತ್ತದೆ. ಪೆಟ್ಟು ತಿಂದ ವಿಷಯ ಹೇಳದೆ ಮಷೀನ್ ತಂದವರಿಗೆ ಬಿಲ್ಲು ಏರುವುದು ಸಹಜ.

ಬ್ಯಾಟರಿ ಸ್ಪ್ರೇಯರ್, ಡ್ರೋನ್, ಫೋರ್ ಸ್ಟ್ರೋಕ್ ಕಟರ್‌ಗಳು ಬರುತ್ತಿವೆ. ಟೂ ಸ್ಟ್ರೋಕಿನ ಹೊಗೆಯ ಬಗ್ಗೆ ಯಾರಿಗೂ ಮೋಹ ಬೇಕಿಲ್ಲ, ಉರಿಯದ ಪೆಟ್ರೋಲಿನ ಒಂದು ಪಾಲು ಅದರ ಸೈಲೆನ್ಸರಿನಿಂದಲೇ ಹೊರಬೀಳುತ್ತದೆ. ಹಾಗೆಂದು ಸಹಾಯಧನದಲ್ಲಿ ಕೊಂಡ ಮಷೀನ್‌ಗಳು ನಾಳೆಯೇ ಮಾಯವಾಗುವುದಿಲ್ಲ. ಕೋಲಾರದ ಟಮಕದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ತೋಟಗಾರಿಕೆ ಕಾಲೇಜೂ ಇದೆ. ಔಷಧಿಯ ಪ್ರಮಾಣ ಹೇಳಿಕೊಡುವಷ್ಟೇ ಶ್ರದ್ಧೆಯಿಂದ ಅದನ್ನು ಸಿಂಪಡಿಸುವ ಎಂಜಿನ್ನಿನ ಪಾಠವೂ ಹಳ್ಳಿಯ ಹುಡುಗರಿಗೆ ಸಿಗಬೇಕು.

ಅಲ್ಲಿಯವರೆಗೆ ಮಷೀನ್ ಇಟ್ಟುಕೊಂಡವರು ಮಾಡಬಹುದಾದದ್ದು ಇಷ್ಟು. ಕೈಪಿಡಿ 50:1 ಎಂದರೆ ಲೀಟರಿಗೆ 20 ಮಿ.ಲೀ. ಟೂ ಸ್ಟ್ರೋಕ್ ಆಯಿಲ್, 25:1 ಎಂದರೆ 40. ಕಣ್ಣಂದಾಜು ಬೇಡ, ಅಳತೆ ಬಾಟಲಿ ಇರಲಿ. ಬೈಕಿನ ಎಂಜಿನ್ ಆಯಿಲ್ ಹಾಕಬೇಡಿ. ಬೇಕಾದಷ್ಟನ್ನೇ ಬೆರೆಸಿ. ಹಂಗಾಮು ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರಿನಲ್ಲಿ ಉಳಿದದ್ದು ತೀರಿ ತಾನಾಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ, ಆಮೇಲೆ ಎತ್ತಿಡಿ.