ಬಟ್ಟೆ ಮುಖಗವಸು: ಊರಿನವರೇ ಸೇರಿ ಹೊಲಿಯುವಾಗ ಗಮನಿಸಬೇಕಾದ ಅಂಶಗಳು

2020ರ ಮಾರ್ಚ್ ತಿಂಗಳಲ್ಲಿ ದೇಶದ ಮೊದಲ ಕೋವಿಡ್ ಸಾವು ನಮ್ಮ ರಾಜ್ಯದ ಕಲಬುರಗಿಯಲ್ಲಿ ಸಂಭವಿಸಿತು. ಆಗ ಔಷಧಿ ಅಂಗಡಿಗಳಲ್ಲಿ ಮಾಸ್ಕ್ ಅಥವಾ ಮುಖಗವಸು ಸಿಗುವುದೇ ಕಷ್ಟವಾಗಿತ್ತು. ಕೇಂದ್ರ ಸರ್ಕಾರವು ಮಾರ್ಚ್ 13ರಂದು ಮುಖಗವಸನ್ನು ಅಗತ್ಯ ವಸ್ತುಗಳ ಪಟ್ಟಿಗೆ ಸೇರಿಸಿತು. ನಂತರ ಮೂರು ಪದರದ ಸರ್ಜಿಕಲ್ ಮುಖಗವಸಿಗೆ 10 ರೂಪಾಯಿಯ ಗರಿಷ್ಠ ಬೆಲೆ ಗೊತ್ತುಮಾಡಿತು. ಏಪ್ರಿಲ್ 3ರಂದು, ಸಾರ್ವಜನಿಕರು ಮನೆಯಲ್ಲಿ ಹೊಲಿದ ಬಟ್ಟೆ ಮುಖಗವಸನ್ನು ಬಳಸಬಹುದೆಂದು ಆರೋಗ್ಯ ಸಚಿವಾಲಯ ಸಲಹೆ ನೀಡಿತು. ರಾಜ್ಯದ ಸ್ವಸಹಾಯ ಸಂಘಗಳ ಮಹಿಳೆಯರು, ದರ್ಜಿಗಳು, ಜೈಲುಗಳಲ್ಲಿದ್ದ ಬಂದಿಗಳು ಸಹ ಹೊಲಿಗೆ ಯಂತ್ರದ ಮುಂದೆ ಕುಳಿತರು.

ನಮ್ಮ ಹಾಸನ ಜಿಲ್ಲೆಯಲ್ಲಿ ಮೇ 12ರವರೆಗೆ ಒಂದು ಪ್ರಕರಣವೂ ಇರಲಿಲ್ಲ. ಅಂದು ಪತ್ತೆಯಾದ ಮೊದಲ ಪ್ರಕರಣಗಳು ಮುಂಬೈಯಿಂದ ಹಿಂತಿರುಗಿದವರದು. ಶ್ರವಣಬೆಳಗೊಳದ ಪಕ್ಕದಲ್ಲೇ ಇರುವ ಜಿನನಾಥಪುರದಂತಹ ಊರುಗಳ ಸುತ್ತ ಯಾತ್ರಿಕರ ಓಡಾಟ ವರ್ಷವಿಡೀ ಇರುತ್ತದೆ. ಇಲ್ಲಿಂದ ದುಡಿಮೆಗೆಂದು ದೂರದ ನಗರಗಳಿಗೆ ಹೋದವರೂ ಇದ್ದಾರೆ. ಆದ್ದರಿಂದ ಸಾಂಕ್ರಾಮಿಕ ಕಾಯಿಲೆ ನಮ್ಮೂರಿಗೆ ಬರುವುದಿಲ್ಲ ಎಂದು ಕೂರುವಂತಿಲ್ಲ. ಮುಂದೆ ಎಂದಾದರೂ ಇಂತಹ ಅಭಾವ ಬಂದರೆ ಊರಿನವರು ಹೇಗೆ ಸಿದ್ಧರಾಗಬೇಕು ಎಂಬುದನ್ನು ಇಲ್ಲಿ ತಿಳಿಸಲಾಗಿದೆ.

ಬಟ್ಟೆ ಮುಖಗವಸಿನಿಂದ ಏನು ಪ್ರಯೋಜನ?

ನಾವು ಕೆಮ್ಮಿದಾಗ, ಸೀನಿದಾಗ, ಮಾತನಾಡಿದಾಗ ಬಾಯಿ ಮೂಗಿನಿಂದ ಹನಿಗಳು ಹೊರಬೀಳುತ್ತವೆ. ಬಟ್ಟೆ ಮುಖಗವಸು ಇವುಗಳಲ್ಲಿ ದೊಡ್ಡ ಹನಿಗಳನ್ನು ತಡೆಯುತ್ತದೆ. ಗಾಳಿಯಲ್ಲಿ ತೇಲುವ ಅತಿ ಸಣ್ಣ ಕಣಗಳನ್ನು ಪೂರ್ಣವಾಗಿ ತಡೆಯಲಾರದು. ಬಾಂಗ್ಲಾದೇಶದ 600 ಗ್ರಾಮಗಳಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ, ಸರ್ಜಿಕಲ್ ಮುಖಗವಸು ಹಂಚಿದ ಊರುಗಳಲ್ಲಿ ಕೋವಿಡ್ ಕಡಿಮೆಯಾದದ್ದು ಕಂಡುಬಂತು. ಬಟ್ಟೆಯದರಿಂದ ಆದ ಪ್ರಯೋಜನ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಹಾಗಾದರೆ ಹೊಲಿಯುವುದೇಕೆ? ಅಂಗಡಿಯಲ್ಲಿ ಏನೂ ಸಿಗದಿದ್ದಾಗ ಏನೂ ಇಲ್ಲದಿರುವುದಕ್ಕಿಂತ ಇದು ಮೇಲು. ಜೊತೆಗೆ, ಊರಿನವರು ಬಟ್ಟೆಯದನ್ನು ಬಳಸಿದರೆ ಇರುವ ಸರ್ಜಿಕಲ್ ಮುಖಗವಸುಗಳು ರೋಗಿಗಳಿಗೂ ಅವರ ಶುಶ್ರೂಷೆ ಮಾಡುವವರಿಗೂ ಉಳಿಯುತ್ತವೆ. ಊರಿನ ಹೊಲಿಗೆಯಿಂದ ಆಸ್ಪತ್ರೆಗೆ ಆಗುವ ದೊಡ್ಡ ಉಪಕಾರ ಇದೇ.

ಆದರೆ ತೆಳು ಬಟ್ಟೆಯ, ತೊಳೆಯದ, ಮೂಗಿನಿಂದ ಜಾರುವ ಮುಖಗವಸು ಸುಳ್ಳು ಧೈರ್ಯವನ್ನಷ್ಟೇ ಕೊಡುತ್ತದೆ. ಎಷ್ಟು ಸಾವಿರ ಹೊಲಿದೆವು ಎನ್ನುವುದಕ್ಕಿಂತ ಹೊಲಿಗೆಯ ಹಿಂದಿನ ವ್ಯವಸ್ಥೆ ಮುಖ್ಯ.

ಎಷ್ಟು ಬಟ್ಟೆ ಬೇಕು?

ಒಬ್ಬರಿಗೆ ಕನಿಷ್ಠ ಎರಡು ಬೇಕು. ಒಂದು ಮುಖದ ಮೇಲೆ, ಇನ್ನೊಂದು ತೊಳೆದು ಒಣಗಲು. 400 ಜನರಿರುವ ಊರಿಗೆ 800 ಆಗುತ್ತದೆ. 2020ರ ಸರ್ಕಾರಿ ಕೈಪಿಡಿಯಲ್ಲಿದ್ದ ಅಳತೆ ದೊಡ್ಡವರಿಗೆ 9 ಅಂಗುಲ ಉದ್ದ, 7 ಅಂಗುಲ ಅಗಲ. ಮಕ್ಕಳಿಗೆ 7 ಅಂಗುಲ ಉದ್ದ, 5 ಅಂಗುಲ ಅಗಲ. ಅದೇ ವರ್ಷದ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮೂರು ಪದರ ಇರಬೇಕೆಂದು ಸೂಚಿಸಿತು.

36 ಅಂಗುಲ ಪನ್ನದ ಒಂದು ಮೀಟರ್ ಬಟ್ಟೆಯಲ್ಲಿ ದೊಡ್ಡವರ ಅಳತೆಯ 20 ತುಂಡು ಬರುತ್ತವೆ. ಮೂರು ಪದರದ 100 ಮುಖಗವಸಿಗೆ 300 ತುಂಡು, ಅಂದರೆ 15 ಮೀಟರ್. ಕಟ್ಟುವ ಲಾಡಿಯನ್ನು ಅನೇಕರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮುಖಗವಸಿಗೆ ಎರಡರಂತೆ ಒಂದೂವರೆ ಅಂಗುಲ ಅಗಲದ 200 ಲಾಡಿಗಳಿಗೆ ಇನ್ನೂ ಎಂಟೂವರೆ ಮೀಟರ್ ಬೇಕು. ಬಟ್ಟೆ ಕುಗ್ಗುವುದನ್ನೂ ಸೇರಿಸಿ 100ಕ್ಕೆ 25 ಮೀಟರ್ ಎಂದು ಇಟ್ಟುಕೊಳ್ಳಿ. 800ಕ್ಕೆ 200 ಮೀಟರ್ ಆಯಿತು.

ಒತ್ತಾದ ನೇಯ್ಗೆಯ ಶುದ್ಧ ಹತ್ತಿ ಬಟ್ಟೆಯೇ ಸೂಕ್ತ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಬೆಳಕು ಸಲೀಸಾಗಿ ತೂರಿಬಂದರೆ ಅದು ಬೇಡ. ಮೂರು ಪದರವನ್ನೂ ಮೂಗಿಗೆ ಒತ್ತಿ ಉಸಿರಾಡಿ. ಉಸಿರು ಕಟ್ಟಿದರೆ ಅದೂ ಬೇಡ. ಮಾಸಿ ಸಡಿಲವಾದ ಹಳೆಯ ಸೀರೆ, ಪಂಚೆ ಲಾಡಿಗೆ ಆಗಬಹುದು, ಮುಖಗವಸಿಗೆ ಆಗದು.

ಕೆಲಸವನ್ನು ಹಂಚಿಕೊಳ್ಳುವುದು ಹೇಗೆ?

1. ತೊಳೆಯುವವರು: ಕತ್ತರಿಸುವ ಮೊದಲೇ ಬಟ್ಟೆಯನ್ನು ಸೋಪಿನಲ್ಲಿ ತೊಳೆದು ಒಣಗಿಸಬೇಕು. ಗಂಜಿ ಹೋಗಿ, ಕುಗ್ಗುವುದೆಲ್ಲ ಮೊದಲೇ ಕುಗ್ಗುತ್ತದೆ.

2. ಕತ್ತರಿಸುವವರು: ರಟ್ಟಿನಲ್ಲಿ ಒಂದೇ ಅಳತೆಯ ಅಚ್ಚು ಮಾಡಿಕೊಳ್ಳಿ. ಹತ್ತು ಮುಖಗವಸಿಗೆ ಬೇಕಾದ ತುಂಡು, ಲಾಡಿ ಸೇರಿಸಿ ಒಂದು ಕಟ್ಟು ಮಾಡಿ. ಒಳಪದರಕ್ಕೆ ಬೇರೆ ಬಣ್ಣವಿದ್ದರೆ ಧರಿಸುವವರಿಗೆ ಒಳಮಗ್ಗಲು ಯಾವುದೆಂದು ತಿಳಿಯುತ್ತದೆ.

3. ಹೊಲಿಯುವವರು: ಎಲ್ಲರೂ ಒಂದೇ ಕೊಠಡಿಯಲ್ಲಿ ಸೇರಬೇಡಿ. ಸೋಂಕು ತಡೆಯಲು ಹೊರಟವರೇ ಸೋಂಕು ಹಂಚಿದಂತಾದೀತು. ಕಟ್ಟುಗಳನ್ನು ಮನೆ ಮನೆಗೆ ತಲುಪಿಸಿ, ಹೊಲಿದ ಮೇಲೆ ಸಂಗ್ರಹಿಸಿ. ಮೂರು ನೆರಿಗೆಗಳು ಹೊರಮಗ್ಗಲಿನಲ್ಲಿ ಕೆಳಮುಖವಾಗಿರಲಿ. ಮೂಗಿನ ನೇರಕ್ಕೆ ನಡುವೆ ಹೊಲಿಗೆ ಹಾಕಬೇಡಿ. ಸೂಜಿಯ ರಂಧ್ರಗಳು ಅಲ್ಲೇ ಉಳಿಯುತ್ತವೆ.

4. ಪರೀಕ್ಷಿಸುವವರು: ಪ್ರತಿಯೊಂದರ ಲಾಡಿಯನ್ನೂ ಎಳೆದು ನೋಡಿ. ನಂತರ ತೊಳೆದು, ಇಸ್ತ್ರಿ ಮಾಡಿ, ಶುಚಿಯಾದ ಚೀಲದಲ್ಲಿಡಿ. ಎಷ್ಟು ಬಂತು, ಯಾರಿಗೆ ಹೋಯಿತು ಎಂದು ಪುಸ್ತಕದಲ್ಲಿ ಬರೆಯಿರಿ.

ಜ್ವರ, ಕೆಮ್ಮು, ನೆಗಡಿ ಇರುವವರು ಎಷ್ಟೇ ಉತ್ಸಾಹಿಗಳಾಗಿದ್ದರೂ ಗುಣವಾಗುವವರೆಗೆ ಈ ಕೆಲಸದಿಂದ ದೂರವಿರಬೇಕು.

ಕೂಲಿ ಕೊಡಬೇಕೆ?

ಅನುಕೂಲಸ್ಥರು ಉಚಿತವಾಗಿ ಹೊಲಿಯುವುದು ಒಳ್ಳೆಯದು. ಆದರೆ 2020ರಲ್ಲಿ ಲಾಕ್‌ಡೌನ್ ಬಂದದ್ದು ಮದುವೆಯ ಕಾಲದಲ್ಲಿ; ಹೊಲಿಗೆಯನ್ನೇ ನಂಬಿದ ಮನೆಗಳಿಗೆ ವರ್ಷದ ದುಡಿಮೆಯೇ ತಪ್ಪಿತು. ಅಂತಹವರಿಂದ ಸೇವೆಯ ಹೆಸರಿನಲ್ಲಿ ಪುಕ್ಕಟೆ ಕೆಲಸ ಮಾಡಿಸುವುದು ನ್ಯಾಯವಲ್ಲ. ದಾನಿಗಳಿಂದ ಬಟ್ಟೆಯ ಹಣದ ಜೊತೆ ಹೊಲಿಗೆಯ ಕೂಲಿಯನ್ನೂ ಕೇಳಿ, ಒಂದಕ್ಕೆ ಇಷ್ಟು ಎಂದು ಮೊದಲೇ ನಿಗದಿ ಮಾಡಿ. ಉಚಿತವಾಗಿ ಹೊಲಿಯುವವರು ಲಾಡಿ, ಕತ್ತರಿಸುವುದು, ಹಂಚುವುದನ್ನು ವಹಿಸಿಕೊಳ್ಳಬಹುದು.

ಮೊದಲು ಯಾರಿಗೆ ಕೊಡಬೇಕು?

ಮನೆಯಲ್ಲಿ ಕೆಮ್ಮು, ಜ್ವರದ ರೋಗಿ ಇರುವವರಿಗೆ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವ ಹಿರಿಯರಿಗೆ. ಮನೆ ಮನೆಗೆ ಹೋಗುವ ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೆ. ನ್ಯಾಯಬೆಲೆ ಅಂಗಡಿ, ಹಾಲಿನ ಡೇರಿಯಲ್ಲಿ ಕೆಲಸ ಮಾಡುವವರಿಗೆ ಮೊದಲು ಕೊಡಿ. ಕೊಡುವಾಗ ಧರಿಸುವ ಮತ್ತು ತೊಳೆಯುವ ವಿಧಾನವನ್ನು ಬಾಯಲ್ಲಿ ಹೇಳಿ, ಮಾಡಿ ತೋರಿಸಿ.

ಬಳಸುವವರು ನೆನಪಿಡಬೇಕಾದದ್ದು

ಮುಟ್ಟುವ ಮೊದಲು ಮತ್ತು ನಂತರ ಕೈ ತೊಳೆಯಿರಿ. ಮೂಗು, ಬಾಯಿ, ಗದ್ದ ಮೂರೂ ಮುಚ್ಚಿರಲಿ. ಒದ್ದೆಯಾದರೆ ಕೂಡಲೇ ಬದಲಿಸಿ. ತೆಗೆಯುವಾಗ ಹಿಂದಿನ ಲಾಡಿಯನ್ನು ಬಿಚ್ಚಿ, ಮುಂಭಾಗವನ್ನು ಮುಟ್ಟಬೇಡಿ. ದಿನವೂ ಸೋಪು, ಬಿಸಿನೀರಿನಲ್ಲಿ ತೊಳೆದು ಸುಡುಬಿಸಿಲಿನಲ್ಲಿ 5 ಗಂಟೆ ಒಣಗಿಸಿ. ಬಿಸಿಲಿಲ್ಲದಿದ್ದರೆ ನೀರಿನಲ್ಲಿ 15 ನಿಮಿಷ ಕುದಿಸಿ ಒಣಗಿಸಿ. ಒಬ್ಬರದನ್ನು ಇನ್ನೊಬ್ಬರು, ಅದು ತಾಯಿ ಮಗುವಾದರೂ, ಬಳಸಬಾರದು.

ಎರಡು ವರ್ಷದೊಳಗಿನ ಮಕ್ಕಳಿಗೆ, ಉಸಿರಾಟದ ತೀವ್ರ ತೊಂದರೆ ಇರುವವರಿಗೆ, ತಾವಾಗಿಯೇ ಬಿಚ್ಚಿಕೊಳ್ಳಲಾಗದವರಿಗೆ ಮುಖಗವಸು ಹಾಕಬೇಡಿ. ಆಸ್ಪತ್ರೆಯಲ್ಲಿ ರೋಗಿಯ ಜೊತೆಗಿರುವವರಿಗೆ ಬಟ್ಟೆಯದು ಸಾಲದು. ಶುಶ್ರೂಷಕಿಯರು ಕೊಡುವುದನ್ನೇ ಧರಿಸಿ.

ಈಗ ಔಷಧಿ ಅಂಗಡಿಗಳಲ್ಲಿ ಸರ್ಜಿಕಲ್ ಮುಖಗವಸು ಸುಲಭವಾಗಿ ಸಿಗುತ್ತದೆ. ನೆಗಡಿ, ಕೆಮ್ಮು ಇದ್ದಾಗ ಅದನ್ನೇ ಧರಿಸಿ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ ಮುಖಗವಸಿನ ಹಿಂದೆ ಅದನ್ನು ಮರೆಮಾಡಬೇಡಿ. ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆ, ಚಿಕಿತ್ಸೆ ಎರಡೂ ಉಚಿತ. ರಟ್ಟಿನ ಅಚ್ಚು ಮತ್ತು ಹೊಲಿಗೆ ಯಂತ್ರ ಇರುವ ಮನೆಗಳ ಪಟ್ಟಿಯನ್ನು ಮಾತ್ರ ಊರಿನಲ್ಲಿ ಯಾರಾದರೂ ಜೋಪಾನವಾಗಿ ಇಟ್ಟುಕೊಂಡಿರಲಿ.